ಅಳು ಇಂಗಿದ ಮೇಲೆ

ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಿಷನ್ನು ನಿಂತಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತು ಮುಗಿದು ಬಹಳವಾಗಿತ್ತು, ಸಂಜೆಯ ಭೋಂಗಾ ಕೂಗಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಹತ್ತಿ ಬರುವ ಕಾಲದಲ್ಲಿ ಆ ಮಿಷನ್ನು ಸುಮ್ಮನೆ ನಿಲ್ಲುವುದಿಲ್ಲ. ಕರೆಂಟು ಹೋಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಕಮ್ಮಾರ ಓಣಿಯ ಸುತ್ತಿಗೆ ನಿಂತಿತು. ಹಿಟ್ಟಿನ ಗಿರಣಿ ನಿಂತಿತು. ಎದುರು ಮನೆಯವಳು ಕಲ್ಲಿಗೆ ಒಗೆಯಲು ಬಟ್ಟೆ ಎತ್ತಿದವಳು ಎತ್ತಿದ ಹಾಗೇ ನಿಂತಳು. ನನ್ನ ಕೈಯೂ ಅರ್ಧ ಬಡಿದ ರೊಟ್ಟಿಯ ಮೇಲೆ ತಾನಾಗಿ ನಿಂತಿತು.

ನಮ್ಮೂರಿನಲ್ಲಿ ಹೀಗೆ ಒಂದಾದ ಮೇಲೊಂದು ಸದ್ದು ನಿಂತರೆ ಅದಕ್ಕೆ ಅರ್ಥ ಒಂದೇ. ಎಲ್ಲೋ ಒಂದು ಕೂಸು ಕಳೆದಿದೆ. ಆ ಕೂಸಿನ ಅಳು ಯಾರಿಗೆ ಕೇಳುತ್ತದೋ ಅವರು ಕಿವಿಗೊಡಲಿ ಅಂತ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿದವರಿಗೆ ಅದು ಕೇಳುವುದಿಲ್ಲವಲ್ಲ.

ನಾನು ಉಸಿರು ಹಿಡಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಬಹಳ ದೂರದಿಂದ, ಜಿನ್ನಿನ ಕಡೆಯಿಂದ, ಕೌದಿಯಲ್ಲಿ ಸುತ್ತಿಟ್ಟ ಹಾಗೆ ಒಂದು ಅಳು ಬಂತು. ನಿಂಬಿಯದು. ಹಂಚಿನ ಮೇಲೆ ರೊಟ್ಟಿ ಇತ್ತು, ಒಲೆ ಉರಿಯುತ್ತಿತ್ತು. ಎಲ್ಲವನ್ನೂ ಹಾಗೇ ಬಿಟ್ಟು ಎದ್ದೆ.

ಓಣಿಯಲ್ಲಿ ಜನ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಮಾತಾಡಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದು ಮಾಡದೆ, ಆದಷ್ಟು ಬೇಗ ನಡೆದೆ. ನನ್ನ ಮೊಣಕಾಲಿಗೆ ಓಡುವ ಕಾಲ ಮುಗಿದಿದೆ, ಜಿನ್ನು ಊರ ಆಚೆ ಕಡೆ ಇದೆ. ಆ ದಾರಿ ಮುಗಿಯುವುದರೊಳಗೆ ನಾನು ಯಾರು, ನಿಂಬಿ ಯಾರು ಅನ್ನುವುದನ್ನು ಹೇಳಿಬಿಡುತ್ತೇನೆ. ಅಲ್ಲಿ ಮುಟ್ಟಿದ ಮೇಲೆ ಹೇಳಲು ಪುರಸೊತ್ತು ಇರುವುದಿಲ್ಲ.

ನನ್ನ ಹೆಸರು ಶಾಂತವ್ವ. ನನ್ನ ಸಿಟ್ಟು ಬಲ್ಲವರು ಈ ಹೆಸರು ಕೇಳಿ ನಗುತ್ತಾರೆ, ನಗಲಿ. ಮದುವೆಯಾಗಿ ಹೋದ ಮನೆಯಲ್ಲಿ ಎರಡು ವರ್ಷ ಇದ್ದೆ. ಅಷ್ಟು ಕಾಲದಲ್ಲಿ ಗಂಡನ ಅಳು ನನಗೆ ಕೇಳಲಿಲ್ಲ, ನನ್ನದು ಅವನಿಗೆ ಕೇಳಲಿಲ್ಲ. ಇಬ್ಬರದೂ ಸಮ ಆಯಿತಲ್ಲ ಅಂತ ಟ್ರಂಕು ಎತ್ತಿಕೊಂಡು ತವರಿಗೆ ಬಂದೆ. ತಮ್ಮ ಫಕೀರಪ್ಪ ಬಾಗಿಲು ತೆರೆದ. ತೆರೆಯದೆ ಏನು ಮಾಡಿಯಾನು, ಅವನ ಕಿವಿಯಾಗಿದ್ದವಳು ನಾನು. ಅವ್ವ ಜಿನ್ನಿಗೆ ಹತ್ತಿ ಆರಿಸಲು ಹೋಗುತ್ತಿದ್ದಳು, ತಮ್ಮ ನನ್ನ ಸೊಂಟದ ಮೇಲೆ ಬೆಳೆದ. ಅವನ ಅಳು ಇಂಗಿದಾಗ ಅದು ನನಗೊಬ್ಬಳಿಗೇ ಕೇಳಿಸಿತು.

ಎಲ್ಲ ಕೂಸುಗಳದೂ ಹಾಗೇ. ಹುಟ್ಟಿದಾಗ ಅವುಗಳ ಅಳು ಓಣಿಗೆಲ್ಲ ಕೇಳುತ್ತದೆ, ಓಣಿಯವರು ಬೈದುಕೊಳ್ಳುತ್ತಾರೆ. ಅಂಬೆಗಾಲಿಡುವ ಹೊತ್ತಿಗೆ, ಹೊಸಬರು ಎತ್ತಿಕೊಂಡರೆ ಮುಖ ತಿರುಗಿಸಲು ಶುರುಮಾಡುತ್ತವಲ್ಲ, ಆಗ ಒಂದು ದಿನ ಆ ಅಳು ನೆಲಕ್ಕೆ ಬಿದ್ದ ನೀರಿನಂತೆ ಇಂಗಿಹೋಗುತ್ತದೆ. ಆಮೇಲೆ ಕೂಸು ಯಾರನ್ನು ಹಚ್ಚಿಕೊಂಡಿದೆಯೋ ಅವರಿಗಷ್ಟೇ ಕೇಳುತ್ತದೆ. ಅಳುತ್ತ ಕರೆದ ಮಾತೂ ಅದರ ಜೊತೆ ಮುಳುಗುತ್ತದೆ. ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು, ಅಳು ನುಂಗಿಕೋ, ಆಮೇಲೆ ಕರಿ ಅಂತ. ಶಾಲೆಯ ಮಾಸ್ತರರು ಬೋರ್ಡಿಗೆ ಬೆನ್ನು ಕೊಟ್ಟು ಬರೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ, ಮಕ್ಕಳ ಮುಖ ಕಾಣುತ್ತಿರಬೇಕಲ್ಲ. ದಾರಿಯಲ್ಲಿ ಸಿಕ್ಕವರು, ನಿಮ್ಮ ಕೂಸಿನ ಕಿವಿ ಯಾರು, ಅಂತ ಕೇಳುವುದು ನಮ್ಮಲ್ಲಿ ಯೋಗಕ್ಷೇಮದ ಮಾತು.

ಫಕೀರಪ್ಪನಿಗೆ ಮೀಸೆ ಚಿಗುರುವ ತನಕ ಅವನ ಒಂದೊಂದು ಅಳೂ ನನಗೆ ಕೇಳಿತು. ಆಮೇಲೆ ಒಂದು ದಿನ ಅವನು ಅಟ್ಟದಲ್ಲಿ ಕೂತು ಭುಜ ಅಲುಗಿಸುತ್ತ ಅಳುವುದು ಕಂಡಿತು, ಕೇಳಲಿಲ್ಲ. ಆ ವಯಸ್ಸಿನವರದು ಕೆಲವು ವರ್ಷ ಯಾರಿಗೂ ಕೇಳುವುದಿಲ್ಲ, ಅಥವಾ ನಮಗೆ ಗೊತ್ತಿಲ್ಲದ ಯಾರಿಗೋ ಕೇಳುತ್ತದೆ. ನಾನು ಆ ದಿನ ಬಹಳ ಅತ್ತೆ. ನನ್ನ ಅವ್ವನ ಅಳಂತೂ ಯಾರಿಗೂ ಕೇಳುತ್ತಿರಲಿಲ್ಲ, ಅವಳ ಕಿವಿಗಳೆಲ್ಲ ಸತ್ತುಹೋಗಿದ್ದರು. ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅದು ಸಣ್ಣಗೆ ನನಗೆ ಕೇಳಿಸಿತು. ಮಗಳನ್ನು ಹಚ್ಚಿಕೊಳ್ಳಲು ಆಕೆಗೆ ಒಂದು ಜನ್ಮವೇ ಬೇಕಾಯಿತು. ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ಇನ್ನು ಕಸ್ತೂರಿ. ಫಕೀರಪ್ಪನ ಹೆಂಡತಿ. ಅವಳನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಳು, ಕೂಸು ದೊಡ್ಡಪ್ಪನ ಮನೆ, ಚಿಕ್ಕಪ್ಪನ ಮನೆ, ಸೋದರಮಾವನ ಮನೆ ಅಂತ ಕೈಯಿಂದ ಕೈಗೆ ಹೋಗುತ್ತ ಬೆಳೆಯಿತು. ನಮ್ಮಲ್ಲಿ ಅಳು ಇಂಗಿದ ವಾರದೊಳಗೆ ಕಿವಿ ಗುರುತು ಮಾಡುತ್ತೇವೆ. ಮನೆಯ ಹೆಂಗಸರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸುತ್ತ ಕೂರುತ್ತಾರೆ, ನಡುವೆ ಕೂಸು. ಸೂಲಗಿತ್ತಿ ಅದರ ನಾಲಿಗೆಗೆ ಒಂದು ಹನಿ ಬೇವಿನ ರಸ ಮುಟ್ಟಿಸುತ್ತಾಳೆ. ಅಳು ಕೇಳಿದವರು ಕೈ ಎತ್ತಬೇಕು. ಐದು ತುಂಬುವ ತನಕ ಕೂಸು ಅವರ ಮಗ್ಗುಲಲ್ಲೇ ಮಲಗಬೇಕು, ಅದು ಕಟ್ಟಳೆ. ಹೆತ್ತವಳೇ ಕೈ ಎತ್ತಿದರೆ ಎಲ್ಲರಿಗೂ ನೆಮ್ಮದಿ. ಎತ್ತದಿದ್ದರೆ ಕೂಸು ಅವಳ ಮಗ್ಗುಲು ಬಿಟ್ಟು ಹೋಗುತ್ತದೆ, ಅವಳು ಸಾಯುವ ತನಕ ಓಣಿಯವರು ಅವಳನ್ನು ಕಿವುಡಿ ಅನ್ನುತ್ತಾರೆ. ಕಸ್ತೂರಿಯ ಕಿವಿ ಗುರುತಿನಲ್ಲಿ ಒಬ್ಬರೂ ಕೈ ಎತ್ತಲಿಲ್ಲವಂತೆ. ಕೂಸು ಬಾಯಿ ತೆರೆದುಕೊಂಡು ಅಷ್ಟು ಹೊತ್ತು ಅತ್ತು, ಆಮೇಲೆ ತಾನೇ ಬಾಯಿ ಮುಚ್ಚಿತಂತೆ. ಆಮೇಲೆ ಅವಳು ಅತ್ತದ್ದನ್ನು ಯಾರೂ ನೋಡಿಲ್ಲ. ನಮ್ಮ ಮನೆಗೆ ಬಂದ ದಿನವೂ ಒಣಗಣ್ಣಿನಲ್ಲೇ ಗಾಡಿ ಇಳಿದಳು. ಕಲ್ಲು ಅಂದರು ಜನ. ನಾನೂ ಅಂದೆ.

ಅಲ್ಲಿಂದ ಆರು ವರ್ಷ ನಮ್ಮಿಬ್ಬರದು ಜಗಳವೇ. ಉಪ್ಪು ಹೆಚ್ಚಾಯಿತು ಅಂತ ನಾನು, ಚಿಲಕ ಹಾಕಲಿಲ್ಲ ಅಂತ ಅವಳು. ನಾನು ಕೂಗಾಡುತ್ತೇನೆ, ಅವಳು ಮಾತು ನಿಲ್ಲಿಸುತ್ತಾಳೆ, ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಫಕೀರಪ್ಪ ಹತ್ತಿ ಗಾಡಿಯ ಜೊತೆ ಊರೂರು ತಿರುಗುವವನು, ಜಗಳದ ವಾಸನೆ ಬಂದರೆ ಎತ್ತಿಗೆ ಹುಲ್ಲು ಹಾಕಲು ಎದ್ದು ಹೋಗುತ್ತಾನೆ.

ನಿಂಬೆವ್ವ ಹುಟ್ಟಿದಳು. ನಿಂಬಿ. ನಿಧಾನದ ಕೂಸು. ಬಿದ್ದರೆ ಕೂಡಲೇ ಅಳುವುದಿಲ್ಲ, ಸುತ್ತ ನೋಡಿ, ಯೋಚನೆ ಮಾಡಿ ಅಳುತ್ತದೆ. ಬಾಣಂತನ ಮುಗಿದ ಕೂಡಲೇ ಕಸ್ತೂರಿ ಜಿನ್ನಿಗೆ ಹೊರಟಳು, ಕೂಸು ನನ್ನ ಮಡಿಲಿಗೆ ಬಿತ್ತು. ಅದರ ಅಳು ಇಂಗಿತು, ಕಿವಿ ಗುರುತಿಗೆ ನಾವೆಲ್ಲ ಕಣ್ಣು ಕಟ್ಟಿಕೊಂಡು ಕೂತೆವು. ದುಂಡವ್ವಾಯಿ ನಮ್ಮ ಓಣಿಯ ಸೂಲಗಿತ್ತಿ. ಅವಳು ರಸದ ಬಟ್ಟಲನ್ನು ಕೆಳಗಿಟ್ಟ ಸದ್ದಾಯಿತು. ನನ್ನ ಪಕ್ಕದಲ್ಲಿ ಕಸ್ತೂರಿಯ ಬಳೆ ಮೇಲಕ್ಕೆ ಹೋದ ಸದ್ದಾಯಿತು. ಅದಾದ ಮೇಲೆ ನಿಂಬಿಯ ಅಳು ಬಂತು. ನನ್ನ ಕೈ ಏಳುವುದರೊಳಗೆ ದುಂಡವ್ವಾಯಿ, ತಾಯಿಯೇ ಕಿವಿ ಅಂದುಬಿಟ್ಟಳು. ಹೆಂಗಸರು ಸಕ್ಕರೆ ಹಂಚಿದರು. ಬಳೆ ಮೊದಲು, ಅಳು ಆಮೇಲೆ. ಅದು ಗೊತ್ತಾದದ್ದು ನನಗೊಬ್ಬಳಿಗೇ.

ಆದರೂ ಇರಲಿ, ಕೆಲವು ಕೂಸುಗಳಿಗೆ ಇಬ್ಬರು ಕಿವಿ ಇರುತ್ತಾರೆ ಅಂದುಕೊಂಡೆ. ಆಮೇಲೆ ಒಂದು ದಿನ ಕಸ್ತೂರಿ ಖಾರ ಅರೆಯುತ್ತಿದ್ದಳು. ಬಾಗಿಲ ಹಿಂದೆ ನಿಂಬಿ ಬೆರಳು ಸಿಕ್ಕಿಸಿಕೊಂಡು ಮನೆ ಹಾರುವ ಹಾಗೆ ಅತ್ತಳು. ಕಸ್ತೂರಿ ತಲೆ ಎತ್ತಲಿಲ್ಲ, ಅರೆಯುತ್ತಲೇ ಇದ್ದಳು. ನಾನೇ ಹೋಗಿ ಎತ್ತಿಕೊಳ್ಳಬಹುದಿತ್ತು. ನನಗೆ ಆಸೆ ಇರಲಿಲ್ಲ ಅಂದರೆ ಸುಳ್ಳು. ಒಂದು ಮಾತು ಆಡಿದ್ದರೆ ಆ ಕೂಸು ರಾತ್ರಿ ನನ್ನ ಮಗ್ಗುಲಲ್ಲಿ ಮಲಗುತ್ತಿತ್ತು. ಯಾಕೋ ಏನೋ, ಕೆಮ್ಮಿದೆ. ಕಸ್ತೂರಿ ನನ್ನ ಮುಖ ನೋಡಿದಳು, ನನ್ನ ಕಣ್ಣು ಹೋದ ಕಡೆ ನೋಡಿದಳು, ಎದ್ದು ಓಡಿದಳು. ಅಂದಿನಿಂದ ಅದೇ ರೂಢಿಯಾಯಿತು. ನಿಂಬಿ ಅತ್ತರೆ ನಾನು ಕೆಮ್ಮುತ್ತಿದ್ದೆ, ಅವಳು ಹೋಗುತ್ತಿದ್ದಳು. ಶಾಂತವ್ವನಿಗೆ ದಮ್ಮಿನ ಕಾಯಿಲೆ ಅಂತ ಓಣಿಯವರು ಕಷಾಯ ತಂದುಕೊಟ್ಟರು, ಕುಡಿದೆ. ಈ ಕೆಮ್ಮಿನ ಬಗ್ಗೆ ನಾನಾಗಲಿ ಅವಳಾಗಲಿ ಒಂದು ಮಾತೂ ಆಡಲಿಲ್ಲ. ಉಪ್ಪಿನ ಜಗಳ ಉಪ್ಪಿನ ಪಾಡಿಗೆ ನಡೆದೇ ಇತ್ತು.

ಈ ದಿನ ಬೆಳಿಗ್ಗೆಯೂ ಜಗಳವಾಗಿತ್ತು. ನಿಂಬಿಯ ತಲೆಗೆ ಎಣ್ಣೆ ಹಚ್ಚುವ ವಿಷಯ. ಹೆತ್ತವಳು ನಾನು, ನನಗ ಗೊತ್ತೈತಿ, ಅಂದಳು ಕಸ್ತೂರಿ. ಹೌದವ್ವ, ಭಾಳ ಗೊತ್ತೈತಿ ನಿನಗ, ಅಂದೆ ನಾನು. ಆ ಮಾತು ಎಲ್ಲಿ ತಾಗಿತೋ, ಅವಳ ಮುಖ ಬಿಳುಚಿಕೊಂಡಿತು. ಎರಡೂವರೆ ವರ್ಷದ ಕೂಸನ್ನು ಎತ್ತಿಕೊಂಡು ಜಿನ್ನಿಗೆ ನಡೆದುಬಿಟ್ಟಳು. ಹಿಂದೆ ಎಂದೂ ಹಾಗೆ ಕರೆದುಕೊಂಡು ಹೋದವಳಲ್ಲ.

ಜಿನ್ನಿನ ಗೇಟಿನ ಹತ್ತಿರ ಬಂದಾಗ ಅಳು ಚೆನ್ನಾಗಿ ಕೇಳುತ್ತಿತ್ತು. ಎಡಗಡೆ, ಅರಳೆ ಕೋಣೆಯಿಂದ. ಬೀಜ ಬಿಡಿಸಿದ ಹತ್ತಿಗೆ ನಾವು ಅರಳೆ ಅನ್ನುತ್ತೇವೆ. ಮಿಷನ್ನು ಅದನ್ನು ದೊಡ್ಡ ಕೊಳವೆಯೊಳಗೆ ಊದಿ, ಮಾಡಿನ ಹತ್ತಿರದಿಂದ ಆ ಕೋಣೆಯೊಳಕ್ಕೆ ಸುರಿಸುತ್ತದೆ. ಮೆತ್ತಗಿನ ಜಾಗ ಕಂಡು ಕೂಸು ಒಳಗೆ ನುಸುಳಿದೆ, ನಿದ್ದೆ ಹೋಗಿದೆ, ಮೇಲೆ ಅರಳೆ ಬಿದ್ದಿದೆ. ನೋಡದೇ ಎಲ್ಲವೂ ನನಗೆ ತಿಳಿದುಹೋಯಿತು.

ಅಂಗಳದ ನಡುವೆ ಕಸ್ತೂರಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಸುತ್ತ ಜಿನ್ನಿನ ಹೆಂಗಸರು, ಹಮಾಲರು, ಕಟ್ಟೆಯ ಮೇಲೆ ಮುಕಾದಮ ಹುಸೇನಸಾಬರು. ಎಲ್ಲರ ಕಣ್ಣೂ ಅವಳ ಮೇಲೆ. ಕಿವಿ ದಿಕ್ಕು ಹೇಳಬೇಕು, ಜನ ಆ ದಿಕ್ಕಿಗೆ ಓಡಬೇಕು, ಅದು ಪದ್ಧತಿ. ಅವಳ ಕಿವಿಗೆ ಏನೂ ಬೀಳುತ್ತಿಲ್ಲ ಅನ್ನುವುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ನಾನು ಗೇಟಿನಿಂದಲೇ ಕೆಮ್ಮಲು ಹೋದೆ. ನಡೆದು ಬಂದ ಏದುಸಿರಿಗೆ ಕೆಮ್ಮು ಗಂಟಲಲ್ಲೇ ಸಿಕ್ಕಿಕೊಂಡಿತು. ಅಷ್ಟು ದಿನ ಸುಳ್ಳುಸುಳ್ಳೇ ಕೆಮ್ಮಿದವಳಿಗೆ ಆ ಹೊತ್ತಿನಲ್ಲಿ ಕೆಮ್ಮು ಬರಲಿಲ್ಲ. ಕಸ್ತೂರಿ ಕಣ್ಣು ತೆರೆದಳು. ಜಿನ್ನಿನ ಹಿಂದೆ ಹಳ್ಳ ತುಂಬಿ ಹರಿಯುತ್ತಿತ್ತು. ಯಾವ ತಾಯಿಗಾದರೂ ಮೊದಲು ನೀರಿನದೇ ಹೆದರಿಕೆ. ಅವಳು ಆ ಕಡೆ ಕೈ ತೋರಿಸಿದಳು.

ಜನ ಹಗ್ಗ, ಬಿದಿರು ಹಿಡಿದುಕೊಂಡು ಹಳ್ಳದ ಕಡೆ ನುಗ್ಗಿದರು. ಅವರ ಮುಂದೆ ಕಸ್ತೂರಿ ಓಡುತ್ತಿದ್ದಳು. ದಿಕ್ಕು ಗೊತ್ತಾದ ಮೇಲೆ ಊರು ಸುಮ್ಮನಿರಬೇಕಾಗಿಲ್ಲ. ಹುಸೇನಸಾಬರು ಕೈ ಬೀಸಿದರು, ಭೋಂಗಾ ಕೂಗಿತು, ಮಿಷನ್ನು ಗಡಗಡಿಸಿ ಶುರುವಾಯಿತು. ನಿಂಬಿಯ ಅಳು ಆ ಸದ್ದಿನಲ್ಲಿ ಮುಚ್ಚಿಹೋಯಿತು. ಮೇಲೆ ಕೊಳವೆ ಅಲುಗುವುದನ್ನು ನೋಡಿದೆ. ಒಳಗೆ ಅರಳೆ ಬೀಳಲು ಶುರುವಾಗಿತ್ತು.

ಕೋಣೆಯ ಬಾಗಿಲಿಗೆ ಬೀಗ ಇತ್ತು. ಹುಸೇನಸಾಬರ ಹತ್ತಿರ ಹೋಗಿ ಮಿಷನ್ನು ನಿಲ್ಲಿಸಿ, ಬೀಗ ತೆಗೆಯಿರಿ, ಕೂಸು ಒಳಗಿದೆ ಅಂದೆ. ಅವರು ಒಳ್ಳೆಯ ಮನುಷ್ಯ, ಹೆಣ್ಣುಮಕ್ಕಳಿಗೆ ದನಿ ಏರಿಸಿದವರಲ್ಲ. ಆ ಕೋಣೆಯನ್ನು ತಾವೇ ನೋಡಿ ಬೀಗ ಹಾಕಿದ್ದಾಗಿ ಹೇಳಿದರು, ಅರಳೆ ಬಿಟ್ಟು ಏನೂ ಇರಲಿಲ್ಲವಂತೆ. ಕಿವಿ ದಿಕ್ಕು ಹೇಳಿದ ಮೇಲೆ ಬೇರೆಯವರ ಮಾತಿಗೆ ದಿಕ್ಕು ಬದಲಿಸಬಾರದು ಅಂತಲೂ ನೆನಪು ಮಾಡಿದರು. ಹಿಂದೆ ಯಾರೋ ನಡುವೆ ಬಾಯಿ ಹಾಕಿ ಒಂದು ಕೂಸು ಕೈತಪ್ಪಿ ಹೋಗಿತ್ತು, ಆಗ ಮಾಡಿದ ಕಟ್ಟಳೆ ಅದು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ಮಾತಿನಿಂದಲೇ ನನ್ನ ಕೂಸು ಸಾಯುತ್ತಿತ್ತು.

ಕಸ್ತೂರಿಯೇ ಹೇಳಿ ಕಳಿಸಿದ್ದಾಳೆ, ಈಗ ಅವಳಿಗೆ ಇಲ್ಲಿಂದ ಕೇಳಿತಂತೆ ಅಂದೆ. ಅವಳ ಮಾನ ಉಳಿಯಲಿ ಅಂತ ಆ ಸುಳ್ಳು. ಹುಸೇನಸಾಬರು ನನ್ನನ್ನು ಒಂದು ಥರಾ ನೋಡಿ, ಹಳ್ಳದ ದಂಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಕಸ್ತೂರಿ ಮೊಣಕಾಲಿನವರೆಗೆ ನೀರಿಗೆ ಇಳಿದಿದ್ದಳು.

“ಶಾಂತಕ್ಕಾ, ತಾಯಿ ಅಲ್ಲಿ ಅದಾಳ,” ಅಂದರು. “ನಿಮಗ ಜೀವ ನಿಲ್ಲವಲ್ದು, ನನಗ ತಿಳೀತೈತಿ. ಕುಂಡ್ರಿ, ನೀರ ಕುಡೀರಿ.”

ಕೇಳುವುದು ನನಗೆ, ನಾನೇ ಕಿವಿ, ಅಂತ ಆಗ ಕೂಗಿದೆ. ಮಿಷನ್ನಿನ ಸದ್ದಿಗೆ ಅರ್ಧ ಮಾತು ಹೋಯಿತು. ಉಳಿದರ್ಧಕ್ಕೆ ಅವರು ತಲೆ ಅಲ್ಲಾಡಿಸಿದರು. ಕಿವಿ ಗುರುತಿನಲ್ಲಿ ಕೈ ಎತ್ತಿದ್ದು ತಾಯಿ ಅಂತ ಊರಿಗೆಲ್ಲ ಗೊತ್ತು. ಕೂಸಿಲ್ಲದ ಹೆಂಗಸು, ದುಃಖಕ್ಕೆ ಏನೋ ಹೇಳುತ್ತಿದ್ದಾಳೆ ಅಂದುಕೊಂಡರು. ಅವರ ಕಣ್ಣಿನಲ್ಲಿದ್ದ ಮರುಕ ನೋಡಿ ನನಗೆ ಅವರನ್ನು ಹೊಡೆಯಬೇಕು ಅನ್ನಿಸಿತು. ಅರಳೆ ಕೋಣೆಯ ಬಾಗಿಲಿಗೆ ಹೋ‌ಗಿ ಎರಡೂ ಅಂಗೈಯಿಂದ ಬಡಿದೆ. ತೋಳು ಸೋತಿತು. ಕೈ ಬಾಗಿಲ ಮೇಲೆ ಇಟ್ಟುಕೊಂಡೇ ಹಳ್ಳದ ಕಡೆ ತಿರುಗಿ ನಿಂತೆ.

ಕಸ್ತೂರಿ ನೀರಿನಲ್ಲಿ ನಿಂತು ಜಿನ್ನಿನ ಕಡೆ ನೋಡುತ್ತಿದ್ದಳು. ಅವಳು ಏನು ಹುಡುಕುತ್ತಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು. ನಿಂಬಿ ಅತ್ತಾಗೆಲ್ಲ ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನೇ. ಅಷ್ಟು ದೂರದಿಂದ ಮುಖ ಕಂಡಿರಲಾರದು. ನಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಕಂಡಿತು. ಅವಳು ದಂಡೆ ಹತ್ತಿ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡು ಬಿದ್ದು, ಎದ್ದು, ಓಡಿ ಬಂದಳು. ಅವಳ ಹಿಂದೆ ಜನವೂ ಗೊಂದಲದಲ್ಲಿ ತಿರುಗಿ ಬಂದರು. ಈಗಲೂ ಅವಳು ಬಾಯಿ ತೆರೆದು, ದಿಕ್ಕು ತಪ್ಪಿತು, ಅಳು ಇಲ್ಲಿಂದ ಬರುತ್ತಿದೆ ಅಂದರೆ ಸಾಕಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ. ಆದರೆ ಕೋಣೆ ದೊಡ್ಡದು, ಅರಳೆ ಮಾಡಿನ ತನಕ ಇತ್ತು. ಯಾವ ಮೂಲೆ ಅಂತ ಹೇಳಬೇಕಾದವಳು ನಾನು, ನನ್ನ ಮಾತನ್ನು ಅವರು ನಂಬಬೇಕಿತ್ತು. ಅವಳಿಗೆ ಅದು ಹೊಳೆದಿತ್ತು.

ಅವಳು ಹುಸೇನಸಾಬರ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ನನಗ ಆಕಿ ಅಳು ಕೇಳ್ಸಂಗಿಲ್ಲ. ಎಂದೂ ಕೇಳ್ಸಿಲ್ಲ. ಅವತ್ತ ಸುಳ್ಳ ಕೈ ಎತ್ತಿದ್ದೆ. ಕೇಳೂದು ಅಕ್ಕಾರಿಗೆ. ಮಿಷನ್ ಬಂದ್ ಮಾಡ್ರಿ.”

ಮಿಷನ್ನು ಒಮ್ಮೆಲೇ ನಿಲ್ಲುವುದಿಲ್ಲ, ಸದ್ದು ಇಳಿದು ಇಳಿದು ನಿಲ್ಲುತ್ತದೆ. ಅದು ಪೂರ್ತಿ ಇಳಿಯುವ ತನಕ ಯಾರೂ ಕಸ್ತೂರಿಯನ್ನು ನೋಡಲಿಲ್ಲ. ಹುಸೇನಸಾಬರು ಬೀಗ ತೆಗೆದರು. ಒಳಗೆ ಗೋಡೆಯಿಂದ ಗೋಡೆಗೆ ಬಿಳುಪು. ಗಾಳಿಯಲ್ಲಿ ನೂಲಿನಂತೆ ಎಳೆಗಳು ಇಳಿಯುತ್ತಿದ್ದವು. ನಾನು ಹೊಸ್ತಿಲ ಮೇಲೆ ನಿಂತು ಕಿವಿಗೊಟ್ಟೆ.

ಏನೂ ಇರಲಿಲ್ಲ.

ಮತ್ತೆ ಕೇಳಿದೆ. ನನ್ನ ಎದೆ ಬಡಿತ ಬಿಟ್ಟು ಏನೂ ಇಲ್ಲ. ನಿಂಬಿ ನಿಧಾನದ ಕೂಸು, ಸುತ್ತ ನೋಡಿ ಅಳುವ ಕೂಸು, ಈಗ ನೋಡುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಹಿಂದೆ ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತ್ತು. ಕಸ್ತೂರಿ ನನ್ನ ಪಕ್ಕ ಬಂದು, ಎಂದಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಎಲ್ಲ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಬಿಕ್ಕಿದ ಸದ್ದು ಬಂತು, ಒಂದೇ ಒಂದು, ಬಲಮೂಲೆಯಲ್ಲಿ, ಕಿಟಕಿಯ ಕೆಳಗೆ. ನಾನು ಕೈ ತೋರಿಸುವ ಮೊದಲೇ, ನನ್ನ ಕಣ್ಣು ಹೊರಳಿದ್ದನ್ನು ನೋಡಿಯೇ ಕಸ್ತೂರಿ ಆ ಕಡೆ ಹಾರಿದ್ದಳು.

ಹೆಂಗಸರು ಕೈಯಿಂದಲೇ ಅರಳೆ ಬಾಚಿದರು, ಕೊಕ್ಕೆ ಹಾಕಿದರೆ ಕೂಸಿಗೆ ತಾಗುತ್ತದೆ ಅಂತ. ಮೊದಲು ಒಂದು ಕಾಲು ಕಂಡಿತು. ಎಳೆದಾಗ ನಿಂಬಿಯ ತುಟಿ ನೀಲಿಯಾಗಿತ್ತು, ಮೂಗಿನಲ್ಲಿ ಅರಳೆ ತುಂಬಿತ್ತು. ಕಸ್ತೂರಿ ಕಿರುಬೆರಳಿನಿಂದ ಅದನ್ನು ತೆಗೆದಳು, ಬಾಯೊಳಗಿಂದ ತೆಗೆದಳು, ಬೆನ್ನು ತಟ್ಟಿದಳು. ನಿಂಬಿ ಸೀನಿ, ಸುತ್ತ ನೋಡಿ, ಬಾಯಿ ತೆರೆದಳು. ಕಸ್ತೂರಿ ನನ್ನ ಕಡೆ ನೋಡಿದಳು.

“ಅಳಾಕತ್ತಾಳ,” ಅಂದೆ. “ಜೋರ ಅಳಾಕತ್ತಾಳ.”

ಅಂಗಳದ ಜನರೆಲ್ಲ ಉಸಿರು ಬಿಟ್ಟರು. ನಿಂಬಿ ತಾಯಿಯ ತೋಳಿನಿಂದ ಬಾಗಿ ನನ್ನ ಕಡೆ ಎರಡೂ ಕೈ ಚಾಚಿದಳು. ತೆಗೆದುಕೊಳ್ಳಬಾರದಿತ್ತೇನೋ. ತೆಗೆದುಕೊಂಡೆ. ಅವಳು ನನ್ನ ಕುತ್ತಿಗೆಗೆ ಮುಖ ಒತ್ತಿ ಸುಮ್ಮನಾದಳು. ಕಸ್ತೂರಿಯ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಆಮೇಲೆ ಅವಳು ಸೀರೆಗೆ ಅಂಟಿದ್ದ ಅರಳೆ ಬಿಡಿಸಿಕೊಳ್ಳತೊಡಗಿದಳು.

ಗೇಟಿನ ಹತ್ತಿರ ದುಂಡವ್ವಾಯಿ ಬಂದು ನಿಂತಿದ್ದಳು. ಮುದುಕಿಗೆ ಸುದ್ದಿ ಮುಟ್ಟಿಸುವವರು ಯಾರೋ. ಇವತ್ತಿನಿಂದ ಕೂಸು ಶಾಂತವ್ವನ ಮಗ್ಗುಲಿಗೆ ಅಂತ ಹೇಳಿ ಹೋದಳು, ಗಟ್ಟಿಯಾಗಿ ಹೇಳಲಿಲ್ಲ, ಆದರೆ ಹೇಳಿದಳು. ಹಿಂದಿನಿಂದ ಯಾರೋ ಕಿವುಡಿ ಅಂದರು. ನಾನು ತಿರುಗಿ ನೋಡಿದೆ. ನನ್ನ ಬಾಯಿಯ ಪರಿಚಯ ಅವರಿಗಿದೆ, ಮತ್ತೊಮ್ಮೆ ಅನ್ನಲಿಲ್ಲ. ಆದರೆ ಎದುರಿಗೆ ಅನ್ನದಿದ್ದರೇನು, ಆ ಮಾತು ನಮಗಿಂತ ಮೊದಲು ಓಣಿ ಮುಟ್ಟಿತ್ತು.

ಮನೆಗೆ ಬಂದೆವು. ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಿ ಆಗಿತ್ತು, ಮನೆಯೆಲ್ಲ ಹೊಗೆ. ಕಸ್ತೂರಿ ಕಿಟಕಿ ತೆರೆದಳು. ತನ್ನ ಕೋಣೆಗೆ ಹೋಗಿ ನಿಂಬಿಯ ಪುಟ್ಟ ಕೌದಿ ತಂದು ನನ್ನ ಹಾಸಿಗೆಯ ಪಕ್ಕ ಹಾಸಿದಳು. ಅಂಚು ಸರಿಮಾಡಿದಳು. ರಾತ್ರಿ ಹೊರಳಿದರೆ ಗೋಡೆ ತಾಗುತ್ತದೆ ಅಂತ ಇನ್ನೊಂದು ಕೌದಿ ಮಡಿಸಿ ಗೋಡೆಗೆ ಒತ್ತಿದಳು. ಸುಟ್ಟ ಹಂಚು ಎತ್ತಿಕೊಂಡು ಹಿತ್ತಲಿಗೆ ಹೋದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಎಷ್ಟೋ ರಾತ್ರಿ ಗೋಡೆಯ ಈಚೆ ಮಲಗಿ ಆಸೆಪಟ್ಟಿದ್ದೆ. ಆ ಪುಟ್ಟ ಕೌದಿಯ ಕಡೆ ನೋಡಲು ನನ್ನಿಂದ ಆಗಲಿಲ್ಲ.

ನಿಂಬಿಯನ್ನು ಕೂರಿಸಿಕೊಂಡು ಹಾಲಿನಲ್ಲಿ ರೊಟ್ಟಿ ಕಲಸಿ ತಿನ್ನಿಸುತ್ತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ಆಗ ಅಳು ಕೇಳಿಸಿತು. ನನ್ನ ಕೈ ನಿಂತಿತು, ನಿಂಬಿಯ ಮುಖ ನೋಡಿದೆ. ಅವಳು ಬಾಯಿತುಂಬ ರೊಟ್ಟಿ ಇಟ್ಟುಕೊಂಡು ನನ್ನ ಬಳೆ ತಿರುಗಿಸುತ್ತಿದ್ದಳು. ಅಳು ನಿಲ್ಲಲಿಲ್ಲ. ಕೂಸಿನ ಅಳು, ಅಂಬೆಗಾಲಿಡುವ ಕೂಸಿನದು, ಉಸಿರು ಕಟ್ಟಿ ಕಟ್ಟಿ ಬರುವಂಥದ್ದು. ನಮ್ಮ ಓಣಿಯಲ್ಲಿ ಅಷ್ಟು ಸಣ್ಣ ಕೂಸು ಯಾವುದೂ ಇರಲಿಲ್ಲ. ನಿಂಬಿಯನ್ನು ಕೆಳಗಿಟ್ಟು ಅದು ಬರುವ ಕಡೆ ನಡೆದೆ. ಅದು ನನ್ನನ್ನು ಅಡುಗೆಮನೆ ದಾಟಿಸಿ ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸಿತು.

ಕಸ್ತೂರಿ ನನಗೆ ಬೆನ್ನು ಹಾಕಿ ತೊಟ್ಟಿಯ ಹತ್ತಿರ ಕೂತು ಬೂದಿ ಹಾಕಿ ಹಂಚು ತಿಕ್ಕುತ್ತಿದ್ದಳು. ಭುಜ ಅಲುಗುತ್ತಿರಲಿಲ್ಲ. ಕೈ ಒಂದೇ ಸಮನೆ ಓಡುತ್ತಿತ್ತು. ನೋಡಿದವರು ಪಾತ್ರೆ ತೊಳೆಯುತ್ತಿದ್ದಾಳೆ ಅನ್ನುತ್ತಿದ್ದರು, ಅಷ್ಟೇ. ಅಳು ಅವಳಿಂದ ಬರುತ್ತಿತ್ತು. ಅವಳು ಅಳುವುದನ್ನು ಬಿಟ್ಟ ದಿನ ಅದು ಎಷ್ಟಿತ್ತೋ ಅಷ್ಟೇ ಇತ್ತು. ಅವಳು ಬೆಳೆದಳು, ಮದುವೆಯಾದಳು, ಹೆತ್ತಳು, ಅದು ಮಾತ್ರ ಬೆಳೆದಿರಲಿಲ್ಲ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅದು ನನಗೆ ಕೇಳುತ್ತಿದೆ ಅಂದರೆ ಏನು ಅರ್ಥ ಅಂತ ನಮ್ಮೂರಿನಲ್ಲಿ ಕೂಸಿಗೂ ಗೊತ್ತು. ಉಪ್ಪಿಗೆ, ಎಣ್ಣೆಗೆ, ಚಿಲಕಕ್ಕೆ ಆರು ವರ್ಷ ನನ್ನ ಜೊತೆ ಕಿತ್ತಾಡಿದ ಹೆಂಗಸು ನನ್ನನ್ನು ಹಚ್ಚಿಕೊಂಡಿದ್ದಳು. ಯಾವತ್ತಿನಿಂದಲೋ. ಅವಳಿಗೂ ಅದು ತಿಳಿದಿರಲಿಕ್ಕಿಲ್ಲ, ಅವಳು ಅತ್ತಿದ್ದರೆ ತಾನೇ ತಿಳಿಯುವುದು. ಕೆಮ್ಮಿದೆ.

ಕಸ್ತೂರಿ ಹಂಚು ಬಿಟ್ಟು ಥಟ್ಟನೆ ಎದ್ದು ನಿಂತಳು. ಕಣ್ಣು ನನ್ನ ಮುಖಕ್ಕೆ ಬಂದು, ಅಲ್ಲಿಂದ ನನ್ನ ಹಿಂದೆ ಕೂಸನ್ನು ಹುಡುಕಿತು. “ನಿಂಬಿ ಅಳಾಕತ್ತಾಳೇನ್ರಿ, ಅಕ್ಕಾರ?”

“ನಿಂಬಿ ಅಲ್ಲ,” ಅಂದೆ. “ನೀ.”

ಅವಳಿಗೆ ಅದು ಕೂಡಲೇ ಅರ್ಥವಾಗಲಿಲ್ಲ. ಬೂದಿ ಹತ್ತಿದ ಕೈಯನ್ನು ನೋಡಿಕೊಂಡಳು, ಒಣ ಕೆನ್ನೆ ಮುಟ್ಟಿಕೊಂಡಳು, ಕೆನ್ನೆಗೆ ಬೂದಿ ಹತ್ತಿತು. ಆಮೇಲೆ ಬೇರೆ ಯಾರದೋ ವಿಷಯ ವಿಚಾರಿಸುವವಳ ಹಾಗೆ ಮೆಲ್ಲಗೆ ಕೇಳಿದಳು.

“ಹೆಂಗ ಕೇಳ್ತೈತ್ರಿ?”

“ಭಾಳ ಕೆಟ್ಟ ಐತಿ,” ಅಂದೆ. “ಕಿವಿ ಹರದ ಹೋಗಂಗ ಐತಿ. ಅಳು. ನಾ ಇಲ್ಲೇ ಕುಂಡ್ರತೇನಿ.”

ಹಿತ್ತಲ ಕಲ್ಲಿನ ಮೇಲೆ ಕೂತೆ. ಅವಳು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಳು. ನಿಂಬಿ ಒಳಗಿನಿಂದ ಬಂದು, ಸುತ್ತ ನೋಡಿ, ಯೋಚನೆ ಮಾಡಿ, ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡಳು. ಓಣಿಯವರ ಪಾಲಿಗೆ ಆ ಸಂಜೆ ನಮ್ಮ ಹಿತ್ತಲು ಎಂದಿನಂತೆ ಸದ್ದಿಲ್ಲದೆ ಇತ್ತು.

ದೀಪ ಹಚ್ಚುವ ಹೊತ್ತಿಗೆ ಫಕೀರಪ್ಪ ಗಾಡಿ ಬಿಟ್ಟು ಒಳಗೆ ಬಂದ. ದಾರಿಯಲ್ಲೇ ಎಲ್ಲ ಕೇಳಿಕೊಂಡು ಬಂದಿದ್ದ, ಮಗಳನ್ನು ಎತ್ತಿಕೊಂಡು ತಲೆ ಮೂಸಿದ. ನನ್ನ ಕೋಣೆಗೆ ಇಣುಕಿ ನೋಡಿದ. ನನ್ನ ಹಾಸಿಗೆಯ ಒಂದು ಮಗ್ಗುಲಿಗೆ ಪುಟ್ಟ ಕೌದಿ, ಇನ್ನೊಂದು ಮಗ್ಗುಲಿಗೆ ಅವನ ಹೆಂಡತಿಯ ಕೌದಿ. ಕೂಸಿನದು ಸರಿ, ಕಟ್ಟಳೆ, ಇದೇನು ಅಂತ ಕೇಳಿದ.

“ಇದೂ ಕಟ್ಟಳೀನ,” ಅಂದೆ. “ನಿನ್ನ ಹೆಂಡ್ತಿಗೂ ಇನ್ನಾ ಐದು ತುಂಬಿಲ್ಲ.”